ಹಿಂದೆ ನೋಡುವವನ ಸೀಟು

ಸೇಡಂ,
ಭಾನುವಾರ, ೧೪ನೆಯ ಫೆಬ್ರುವರಿ ೧೯೩೭

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಕಲ್ಯಾಣಪ್ಪನ ಶರಣು. ಕಣ್ಣು ಹೇಗಿದೆ? ಮುಂಬೈಯ ಗ್ಯಾರೇಜಿನಲ್ಲಿ ಪೆಟ್ರೋಲು ಸಿಡಿದು ಎಡಗಣ್ಣು ಉರಿಯುತ್ತಿದೆ ಎಂದು ನೀನು ಸಂಕ್ರಾಂತಿಯ ಹೊತ್ತಿಗೆ ಬರೆದಿದ್ದೆ; ಆಮೇಲೆ ನಿನ್ನ ಕಾಗದವೇ ಇಲ್ಲ. ನಾನು ಬರೆಯಲು ಕೂತದ್ದನ್ನು ನೋಡಿ ಅವ್ವ ಒಲೆಯ ಮುಂದಿನಿಂದಲೇ, "ಹಾಲಾಗ ಹತ್ತಿ ನೆನಸಿ ಕಣ್ಣ ಮ್ಯಾಲ ಇಟ್ಕೊಂಡು ಮಕ್ಕೋ ಅಂತ ಮೊದಲ ಬರಿ, ನಿನ್ನ ಪುರಾಣ ಆಮ್ಯಾಲ" ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಅವಳ ಮೊಣಕಾಲು ನೋವು ಹಾಗೇ ಇದೆ, ಆದರೆ ಮೊನ್ನೆಯಿಂದ ಅದರ ಮಾತೇ ಎತ್ತಿಲ್ಲ. ತೊಗರಿ ರಾಶಿ ಮುಗಿಯಿತು. ನಿನ್ನ ಹಳೆಯ ಕೋಟನ್ನು ಬಿಸಿಲಿಗೆ ಹಾಕಿದ್ದಾಳೆ.

ಈಗ ಪುರಾಣ. ಗುರುವಾರ ಶಹಾಬಾದಿನಲ್ಲಿ ಮತ್ತೆ ಮೋಟಾರು ಪಂದ್ಯ ನಡೆಯಿತು. ಶಿಮೊದಾ ಸಾಹೇಬರು ಬಂದಿದ್ದರು. ಅವರ ಪಕ್ಕದಲ್ಲಿ, ಹಿಂದೆ ಬರುವವರನ್ನು ನೋಡಿ ಕೈ ತೋರಿಸುವ ನಿನ್ನ ಸೀಟಿನಲ್ಲಿ, ನಾನು ಕೂತಿದ್ದೆ. ನಗಬೇಡ. ಸಾಹಿತ್ಯದಲ್ಲಿ ಬಿ.ಎ. ಮಾಡಿ ಬಂದು, ಶಹಾಬಾದಿನ ಶಾಲೆಯಲ್ಲಿ ಹುಡುಗರ ಹಾಜರಿ ಕೂಗಲೂ ದನಿ ನಡುಗುವ ನಿನ್ನ ತಮ್ಮನೇ ಕೂತಿದ್ದ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಸಹಿಸಿಕೋ. ಮೂರು ವರ್ಷದಲ್ಲಿ ಇದನ್ನು ನನ್ನೊಳಗೆ ಹೇಳಿಕೊಳ್ಳದೆ ನಾನು ಒಂದು ದಿನವೂ ಮಲಗಿಲ್ಲ. ಮೂರು ವರ್ಷದ ಹಿಂದಿನ ಆ ಪಂದ್ಯದ ದಿನ ನೀನು ಕೈ ತೋರಿಸಿದ್ದೆ. ಸಾಹೇಬರ ಮೊಣಕಾಲನ್ನು ಎರಡು ಸಲ ತಟ್ಟಿ ದಾರಿ ಬಿಡಲು ಹೇಳಿದ್ದೆ. ಆಮೇಲೆ ಬಲಗೈ ಎತ್ತಿ, ಹಿಂದೆ ಬರುತ್ತಿದ್ದ ಚನ್ನವೀರನಿಗೆ ಬಲಕ್ಕೆ ಬಾ ಎಂದಿದ್ದೆ. ಅವನು ಬಲಕ್ಕೆ ಬರಲಿಲ್ಲ. ನೆಟ್ಟಗೆ ಬಂದು ನಿಮ್ಮ ಹಿಂದಿನ ಗಾಲಿಗೆ ಗುದ್ದಿದ. ಅವನ ಅಪ್ಪ ನಾಗೇಂದ್ರಪ್ಪ ಫರ್ಶಿ ಕಲ್ಲಿನ ಗಣಿಯಲ್ಲಿ ಬೆಳೆದ ದೊಡ್ಡಸ್ತಿಕೆಗೆ ಎರಡು ಮೋಟಾರು ತಂದಿದ್ದ; ಒಂದನ್ನು ಮಗನಿಗೆ ಕೊಟ್ಟು, ಇನ್ನೊಂದಕ್ಕೆ ಮುಂಬೈಯಿಂದ ಜಪಾನಿನ ಪಂದ್ಯಗಾರನನ್ನು, ನಮ್ಮ ಸಾಹೇಬರನ್ನು, ಸಂಬಳಕ್ಕೆ ಕರೆಸಿದ. ಸಂಬಳಕ್ಕೆ ಬಂದವನು ತನಗಿಂತ ಮುಂದೆ ಹೋಗುವುದು ಮಗನ ಹೊಟ್ಟೆಗೆ ಬೆಂಕಿ ಹಾಕಿತ್ತು. ಅಷ್ಟೇ ಕಾರಣ. ನಿಮ್ಮ ಮೋಟಾರು ಬೋರಲಾಗಿ ಬಿದ್ದು ಸಾಹೇಬರ ಕಾಲು ಎರಡು ಕಡೆ ಮುರಿಯಿತು. ನಾಗೇಂದ್ರಪ್ಪ ಮಗನನ್ನು ಉಳಿಸಿಕೊಳ್ಳಲು ಊರ ಮುಂದೆ, "ಅಮೃತಪ್ಪ ಹಿಂದ ನೋಡೇ ಇಲ್ಲ, ಕೈ ಮಾಡೇ ಇಲ್ಲ, ಅಂಜಿ ಕಣ್ ಮುಚ್ಕೊಂಡು ಕುಂತಿದ್ದ" ಎಂದ. ಮೊಣಕಾಲು ತಟ್ಟಿದ್ದು ಸಾಹೇಬರಿಗೆ ಗೊತ್ತಿತ್ತು, ಆದರೆ ಅವರು ಮುಂಬೈಯ ಆಸ್ಪತ್ರೆ ಸೇರಿದ್ದರು; ಕಣ್ಣು ದಾರಿಯ ಮೇಲಿದ್ದುದರಿಂದ ನಿನ್ನ ಕೈಯನ್ನಂತೂ ಅವರು ಕಂಡಿರಲಿಲ್ಲ. ಕಂಡವನು ಚನ್ನವೀರ ಒಬ್ಬನೇ. ಅವನು ಬಾಯಿ ಬಿಡದ ಹೊರತು ನಿನ್ನ ಹೆಸರು ತೊಳೆಯುವಂತಿರಲಿಲ್ಲ.

ನೀನು ಊರು ಬಿಟ್ಟು ಹೋದ ಮೇಲೆ ಅಪ್ಪ ತೀರಿಕೊಂಡರು. ಮಣ್ಣು ಕೊಡಲು ನೀನು ಬರಲಿಲ್ಲ. ನೀನು ಬಂದರೆ ಹೆಗಲು ಕೊಡುವವರು ಹಿಂದೆ ಸರಿದಾರೆಂದು ಹೆದರಿದೆ ಎಂದು ಬರೆದಿದ್ದೆ. ಆ ಕಾಗದವನ್ನು ನಾನು ಅವ್ವನಿಗೆ ಓದಿ ಹೇಳಲಿಲ್ಲ. ಮಡಚಿ ನನ್ನ ಪುಸ್ತಕದಲ್ಲಿ ಇಟ್ಟುಕೊಂಡು, ಅಂದೇ ಒಂದು ನಿಶ್ಚಯ ಮಾಡಿಕೊಂಡೆ. ಮಾತು ಬಾರದವನ ನಿಶ್ಚಯ ಯಾರಿಗೂ ಕೇಳಿಸುವುದಿಲ್ಲ; ಅದೇ ಅನುಕೂಲ.

ಈ ಸಲ ಸಾಹೇಬರನ್ನು ಕರೆಸಿದವರು ಚಿಂಚೋಳಿ ಕಡೆಯ ಜಹಗೀರಿನ ಸರ್ವರಬೇಗಂ. ಗಂಡ ತೀರಿದ ಮೇಲೆ ಪರದೆಯೊಳಗೇ ಕೂತು ಜಹಗೀರು ನಡೆಸುವ ಹೆಂಗಸು. ನಾಗೇಂದ್ರಪ್ಪನ ಕೆಂಪು ಮೋಟಾರು ಪ್ರತಿ ವರ್ಷ ಗೆಲ್ಲುವುದನ್ನು ನೋಡಿ ಬೇಸತ್ತು ತಾವೂ ಒಂದು ಹಸಿರು ಮೋಟಾರು ತರಿಸಿದರು. ಆದರೆ ಪಕ್ಕದ ಸೀಟಿಗೆ ಯಾವ ಮೇಸ್ತ್ರಿಯೂ ಒಪ್ಪಲಿಲ್ಲ. ಎಲ್ಲರಿಗೂ ನಾಗೇಂದ್ರಪ್ಪನ ಭಯ. ನಾನು ಹೋಗಿ ನಿಂತೆ. ಸಾಹೇಬರು ಕುಂಟುತ್ತ ಬಂದು, ಜೋಳದ ಚೀಲ ತೂಗುವಂತೆ ನನ್ನನ್ನು ಸೊಂಟ ಹಿಡಿದು ಎತ್ತಿ ಇಳಿಸಿ, "ಹಲ್ಕಾ. ಅಚ್ಛಾ" ಎಂದರು. ನಾನು ಬಡಕಲಾಗಿ, ಹಗುರಾಗಿ ಹುಟ್ಟಿದ್ದು ಸಾರ್ಥಕವಾದದ್ದು ಅದೊಂದೇ ದಿನ. ನಿನ್ನ ತಮ್ಮನೆಂದು ತಿಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಅಮೃತ್ ಕಹಾಂ?" ಅವರಿದ್ದ ಮುಂಬೈಯ ಆಸ್ಪತ್ರೆಯ ಬಾಗಿಲವರೆಗೆ ಬಂದು ಒಳಗೆ ಕಾಲಿಡಲಾರದೆ ನೀನು ಮರಳಿದ್ದನ್ನು ಹೇಳಿದೆ. ಅವರು ತಮ್ಮ ಕೋಲಿನ ತುದಿಯಿಂದ ಪಕ್ಕದ ಸೀಟು ತೋರಿಸಿದರು.

ಪಂದ್ಯದ ದಾರಿಯನ್ನು ಅವರು ಮೊದಲು ಕಾಲಿನಿಂದ ನಡೆದು ನೋಡುತ್ತಾರೆಂಬುದು ನಿನಗೆ ಗೊತ್ತು. ಶಹಾಬಾದಿನಿಂದ ವಾಡಿಗೆ, ವಾಡಿಯಿಂದ ಹಿಂದಕ್ಕೆ, ಮುರಿದ ಕಾಲಿನಲ್ಲಿ ಎರಡು ದಿನ ನಡೆದರು. ನಾನು ಜೊತೆಗಿದ್ದೆ. ಅರ್ಧ ಹಿಂದುಸ್ತಾನಿ, ಅರ್ಧ ಇಂಗ್ಲಿಷಿನಲ್ಲಿ ತಮ್ಮ ಕತೆ ಹೇಳಿದರು. ಯೋಕೊಹಾಮಾ ಬಂದರಿನಲ್ಲಿ ತಂದೆಯದು ಸೈಕಲ್ ರಿಪೇರಿ ಅಂಗಡಿ. ಹದಿನೇಳರ ವಯಸ್ಸಿಗೆ ಒಬ್ಬ ಅಮೆರಿಕದವನ ಪಂದ್ಯದ ಮೋಟಾರಿನಲ್ಲಿ ಹಿಂದೆ ನೋಡುವವನಾಗಿ ಕೂತರಂತೆ. ನಾಲ್ಕು ವರ್ಷ ಬರೀ ಹಿಂದೆ ನೋಡಿದರಂತೆ. ದೊಡ್ಡ ಭೂಕಂಪದಲ್ಲಿ ತಂದೆಯೂ ಅಂಗಡಿಯೂ ಒಂದೇ ದಿನ ಹೋದ ಮೇಲೆ, ಇಟ್ಟಿಗೆ ಸಾಗಿಸುವ ಲಾರಿ ಓಡಿಸಿ, ಸುಟ್ಟ ಊರಿನ ಗುಜರಿಯಿಂದ ಒಂದು ಮೋಟಾರು ಕಟ್ಟಿಕೊಂಡು, ಸಮುದ್ರ ತುಂಬಿಸಿ ಮಾಡಿದ ಬಯಲಿನಲ್ಲಿ ಮೊದಲ ಸಲ ಗೆದ್ದರು. ಆಮೇಲೆ ಶಾಂಘೈಯ ಕುದುರೆ ಬಯಲು, ಆಮೇಲೆ ಮುಂಬೈಯ ಜುಹು ಮರಳು. ಹೀಗೆ ಹತ್ತೊಂಬತ್ತು ಪಂದ್ಯ, ಏಳು ಗೆಲುವು. ಇಪ್ಪತ್ತನೆಯದು ನಮ್ಮ ಶಹಾಬಾದು. ಕಾಲೆಳೆದು ನಡೆಯುವವನಿಗೆ ಆಮೇಲೆ ಯಾರೂ ಮೋಟಾರು ಕೊಡಲಿಲ್ಲ. ಬೋರಲಾಗಿ ಬಿದ್ದ ಮೋಟಾರಿನೊಂದಿಗೆ ತಮ್ಮ ಲೆಕ್ಕ ಮುಗಿಯಬಾರದು, ಒಂದೇ ಒಂದು ಸಲ ಗಾಲಿಯ ಮೇಲೆ ಮುಗಿಸಬೇಕು ಎಂದು ಬಂದಿದ್ದರು. ನನಗೆ ಸೀಟಿನ ಕೆಲಸ ಕಲಿಸುವಾಗ ಒಂದು ಮಾತನ್ನು ಮೂರು ಸಲ ಹೇಳಿಸಿದರು: "ಹಾಥ್ ಝೂಠ್ ನಹೀ ಬೋಲ್ತಾ." ಕೈ ಸುಳ್ಳು ಹೇಳುವುದಿಲ್ಲ. ಯೋಕೊಹಾಮಾ ಆಗಲಿ ಶಾಂಘೈ ಆಗಲಿ, ಹಿಂದೆ ಬರುವವನು ಎಂಥ ವೈರಿಯೇ ಆಗಲಿ, ಅವನು ತನ್ನ ಜೀವವನ್ನು ನಿನ್ನ ಕೈ ನಂಬಿ ಓಡಿಸುತ್ತಾನೆ ಎಂದರು.

ಮಾಶಾಬಿಯ ಹೊಲ ನಿನಗೆ ನೆನಪಿರಬೇಕು. ವಾಡಿಯಿಂದ ಬರುವಾಗ ದಾರಿ ಎಡಕ್ಕೆ ಬಳಸುತ್ತದಲ್ಲ, ಆ ತಿರುವಿನೊಳಗಿನ ತುಂಡು. ನೀನು ಹೋದ ಮೇಲೆ ನಾಗೇಂದ್ರಪ್ಪ ಗಣಿಯಲ್ಲಿ ಇನ್ನೂ ಆಳಕ್ಕೆ ಇಳಿದ. ಎಂಜಿನ್ ಹಚ್ಚಿ ಎತ್ತಿದ ನೀರನ್ನು ಆ ಮುದುಕಿಯ ಹೊಲಕ್ಕೆ ಬಿಟ್ಟ. ಅವಳು ಹೋಗಿ ಕೇಳಿದ್ದಕ್ಕೆ, "ನೀರು ಬಿಟ್ಟೀನಿ, ವಿಷ ಬಿಟ್ಟಿಲ್ಲ, ಜ್ವಾಳ ಬೆಳಕೋ ಹೋಗು" ಎಂದು ಅಟ್ಟಿದ. ನೀರಿನೊಂದಿಗೆ ಬಂದ ಕಲ್ಲಿನ ಪುಡಿ ಹೊಲದ ಮೇಲೆಲ್ಲ ಕೂತು ಒಣಗಿ, ಈಗ ನೋಡಲು ಬಿಳಿಯ ಫರ್ಶಿ ಹಾಸಿದ ಅಂಗಳದಂತಿದೆ. ಒಳಗೆ ಎರಡು ಆಳು ಕಪ್ಪು ಕೆಸರು. ಅವಳ ಆಕಳೊಂದು ಅದರಲ್ಲೇ ಸತ್ತಿತು; ಅಪ್ಪನಾಗಲಿ ಮಗನಾಗಲಿ ಆ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರು ಅಲ್ಲಿ ನಿಂತು ಕೋಲು ಊರಿದರು, ಹಿಡಿಕೆಯವರೆಗೆ ಇಳಿಯಿತು. ಎಳೆದು ಒರೆಸಿಕೊಂಡು ನನ್ನ ಮುಖ ನೋಡಿದರು. ನಾನು ದಾರಿ ನೋಡಿದೆ.

ಪಂದ್ಯದ ದಿನ ಜನವೋ ಜನ. ಸಾಹೇಬರು ನನ್ನ ಕನ್ನಡಕದ ಮೇಲೆ ಧೂಳು ತಡೆಯುವ ತಮ್ಮ ಗಾಜಿನ ಪಟ್ಟಿಯನ್ನು ತಾವೇ ಬಿಗಿದು ಕಟ್ಟಿದರು. ಚನ್ನವೀರ ಕೆಂಪು ಮೋಟಾರಿನಿಂದ ಬಾಗಿ, ಎಲ್ಲರಿಗೂ ಕೇಳಿಸುವಂತೆ, "ಏ ಮಾಸ್ತರ, ಪುಸ್ತಕ ಗಿಸ್ತಕ ಓದ್ಕೋತ ಕುಂತೀಯಪಾ! ಹಿಂದ ನೋಡು. ನಿಮ್ಮ ಮನ್ಯಾಗ ಆ ರೂಢಿ ಇಲ್ಲ" ಎಂದ. ಜನ ನಕ್ಕರು. ನಾನೂ ನಕ್ಕೆ. ಆ ನಗು ನನಗೆ ಬಹಳ ಉಪಯೋಗಕ್ಕೆ ಬಂತು.

ಉಳಿದ ಮೂರು ಮೋಟಾರು ವಾಡಿಯ ಹತ್ತಿರವೇ ಹಿಂದೆ ಬಿದ್ದವು. ಮರಳುವಾಗ ನಾವು ಮುಂದೆ, ಅವನು ಬೆನ್ನಿಗೆ. ಅವನ ಹಲ್ಲು ಕಾಣುತ್ತಿದ್ದವು, ಅಣ್ಣಾ. ನಾನು ಒಂದು ಸಲ ತಟ್ಟಿದೆ: ಬಂದ. ತಿರುವು ಬಂತು. ಬಲಕ್ಕೆ ಸುಣ್ಣದ ಬಂಡಿಗಳ ಸಾಲು ನಿಂತಿತ್ತು. ಸಾಹೇಬರು ದಾರಿಯಲ್ಲೇ ಉಳಿದು ನಿಧಾನಿಸಿದರು. ಅಷ್ಟರಲ್ಲಿ ನನ್ನ ಕನ್ನಡಕಕ್ಕೆ ಧೂಳು ಕವಿದು, ಅದನ್ನು ಸರಿಮಾಡಿಕೊಳ್ಳಲು ನಾನು ಎಡಗೈ ಎತ್ತಿದೆ. ಎಡಕ್ಕೆ ಬಾ ಎಂದು ಕೈ ತೋರಿಸಿದೆನೆಂದೇ ಚನ್ನವೀರ ತಿಳಿದ. ಹೊಲಕ್ಕೆ ಇಳಿಸಿ ನಮ್ಮನ್ನು ಹಿಂದಿಕ್ಕಲು ನುಗ್ಗಿದ. ಹತ್ತು ಮಾರು ಫರ್ಶಿಯ ಮೇಲೆ ಓಡಿದಂತೆ ಓಡಿತು. ಆಮೇಲೆ ಮೂತಿ ಮುಳುಗಿ, ಹಿಂಭಾಗ ಎದ್ದು, ಮಗುಚಿತು. ಅವನ ಪಕ್ಕದವನು ಹೊರಗೆ ಹಾರಿ ಉಳಿದ.

ನಾವು ಗೆದ್ದೆವು. ಗೆದ್ದದ್ದನ್ನು ನೋಡಲು ಯಾರೂ ಇರಲಿಲ್ಲ. ಎಲ್ಲರೂ ಹೊಲದ ಕಡೆ ಓಡಿದ್ದರು. ನಾವೂ ಹೋದೆವು. ಬಂಡಿಯ ನೊಗಕ್ಕೆ ಹಗ್ಗ ಕಟ್ಟಿ ಚನ್ನವೀರನನ್ನು ಎಳೆಯುತ್ತಿದ್ದರು. ತಲೆಯಿಂದ ಕಾಲಿನವರೆಗೆ ಕೆಸರು, ಬಲಗೈ ಮಡಚಬಾರದ ಕಡೆ ಮಡಚಿತ್ತು. ಮಾಶಾಬಿ ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಕುಂದ್ರಿ ಧಣ್ಯಾರ, ಕುಂದ್ರಿ, ಯಾಕ ಏಳ್ತೀರಿ? ನಿಮ್ಮದೇ ನೀರು!" ಎಂದಳು. ಅವನು ನನ್ನನ್ನು ಕಂಡದ್ದೇ ಕಿರುಚಿದ: "ಇವ ಸುಳ್ಳು ಕೈ ಮಾಡ್ಯಾನ! ಇವರಣ್ಣ ಖರೇ ಕೈ ಮಾಡಿದ್ದ, ಅದಕ್ಕೇ ಇವನ್ನ ನಂಬಿ ಬಂದೆ! ಈ ಮಗ ಸುಳ್ಳು ಮಾಡ್ಯಾನ!"

ಪರದೆ ಕಟ್ಟಿದ ಮೋಟಾರಿನಿಂದ ಸರ್ವರಬೇಗಂ ಅವರ ದನಿ ಬಂತು: "ಠಹರೋ, ನಿಲ್ರಿ. ಅವರಣ್ಣ ಖರೇ ಕೈ ಮಾಡಿದ್ನಾ? ಮತ್ತ ನೀವು ಮೂರು ವರ್ಷ ಏನ್ ಹೇಳ್ಕೋತ ಬಂದ್ರಿ?" ನಾಗೇಂದ್ರಪ್ಪ ಮಗನ ಕಡೆ ತಿರುಗಿ, "ಬಾಯಿ ಮುಚ್ಚೋ" ಎಂದ. ಆ ಎರಡು ಶಬ್ದ ಸಾಕಾದವು. ಸಾವಿರ ಜನ ಕೇಳಿದರು. ನನ್ನನ್ನೂ ಕೇಳಿದರು: ಕೈ ಯಾಕೆ ಎತ್ತಿದೆ? ಕನ್ನಡಕ ಎಂದೆ. ತಲೆ ಎತ್ತಿ ಮಾತಾಡಲಾರದ ಮಾಸ್ತರ ಇಂಥದ್ದು ಮಾಡಿಯಾನೆಂದು ಒಬ್ಬರಿಗೂ ಅನಿಸಲಿಲ್ಲ. ನನ್ನ ಸಂಕೋಚವೇ ನನಗೆ ಸಾಕ್ಷಿ ನುಡಿಯಿತು.

ಶುಕ್ರವಾರ ನಾಗೇಂದ್ರಪ್ಪ ನಮ್ಮ ಮನೆಗೆ ಬಂದ, ಸೇಡಮ್ಮಿಗೆ, ನಡುಮಧ್ಯಾಹ್ನ, ಓಣಿಯವರೆಲ್ಲ ನೋಡುವಾಗ. ರುಮಾಲು ಕೈಯಲ್ಲಿತ್ತು. "ತಪ್ಪಾಗ್ಯದ, ಮಹಾದೇವಮ್ಮ" ಎಂದ. ಅವ್ವ ಬಾಗಿಲಲ್ಲೇ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ತೆಗೆಯಲಿಲ್ಲ. "ಅಮೃತಪ್ಪ ಬಂದು ಕುಂದ್ರಿ ಅಂದ್ರ ಕುಂದ್ರಿ. ನಾ ಅನ್ನಂಗಿಲ್ಲ" ಎಂದಳು. ಅವನು ಬಿಸಿಲಲ್ಲಿ ನಿಂತ. ಮೊರ ಮುಗಿಯುವವರೆಗೆ ನಿಂತ. ಅವ್ವ ಇನ್ನೊಂದು ಮೊರ ತುಂಬಿಕೊಂಡಳು. ನಾನು ಒಳಗೆ ಕತ್ತಲಲ್ಲಿ ಕೂತು ಅವನ ಕೊರಳಿನ ಬೆವರು ಇಳಿಯುವುದನ್ನು ಹನಿ ಹನಿಯಾಗಿ ನೋಡಿದೆ. ಚನ್ನವೀರನ ಕೈ ಕೂಡಬಹುದು, ಆದರೆ ಮೋಟಾರಿನ ಚಕ್ರ ಹಿಡಿಯುವ ಹಾಗೆ ಇನ್ನೆಂದೂ ತಿರುಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ.

ನಿನ್ನೆ ವಾಡಿ ಸ್ಟೇಷನ್ನಿನಲ್ಲಿ ಸಾಹೇಬರನ್ನು ಮುಂಬೈ ಗಾಡಿಗೆ ಕಳಿಸಿ ಬಂದೆ. ಊರಿಗೆ ಹೋಗಿ ಸೈಕಲ್ ಅಂಗಡಿ ಇಡುತ್ತಾರಂತೆ. ಬೆಂಚಿನ ಮೇಲೆ ಕೂತಾಗ, ಎಂಟು ಗೆಲುವಾಯಿತು ಎಂದೆ. ಅವರು ಏಳು ಬೆರಳು ತೋರಿಸಿದರು. ಬೇಗಂ ಕೊಟ್ಟ ಬೆಳ್ಳಿಯ ಬಟ್ಟಲನ್ನು ಚೀಲದಿಂದ ತೆಗೆದು ನನ್ನ ಪಕ್ಕದಲ್ಲಿಟ್ಟರು. ಗಾಡಿ ಬಂದಾಗ ಏಳುವ ಮೊದಲು ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದರು. ದಾರಿ ಬಿಡು ಎಂಬ ಗುರುತು ಅದು; ನಿನಗೆ ನಾನು ಹೇಳಬೇಕಾಗಿಲ್ಲ. ನಾನು ಹಳಿಗಳ ಕಡೆ ನೋಡುತ್ತ ಕೂತೆ. ಅವರು ನಿನ್ನ ಗ್ಯಾರೇಜಿಗೆ ಬರುತ್ತಾರೆ, ವಿಳಾಸ ಬರೆದುಕೊಟ್ಟಿದ್ದೇನೆ. ಈ ಸಲ ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಕರಿ.

ಇನ್ನು ನೀನು ಬರಬೇಕು. ಹಗಲು ಗಾಡಿಗೇ ಬಾ, ವಾಡಿಯಲ್ಲಿ ಎಲ್ಲರೂ ನೋಡುವಂತೆ ಇಳಿ. ಅಪ್ಪನ ಸಮಾಧಿಗೆ ಇಬ್ಬರೂ ಹೋಗಿ ಬರೋಣ. ಅವ್ವನ ಆಶೀರ್ವಾದ ನಿನಗೆ. ಮಾಶಾಬಿ ತನ್ನ ಸಲಾಮನ್ನೂ ಸೇರಿಸು ಎಂದಿದ್ದಾಳೆ. ಕಣ್ಣಿಗೆ ಹಾಲು, ಹತ್ತಿ ಮರೆಯಬೇಡ.

ನಿನ್ನ ದಾರಿ ಕಾಯುತ್ತಿರುವ ತಮ್ಮ,
ಕಲ್ಯಾಣಪ್ಪ

ತಾ.ಕ.: ಅವ್ವ ನೀರಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ನನ್ನ ಕನ್ನಡಕಕ್ಕೆ ಧೂಳು ಕವಿದಿರಲಿಲ್ಲ. ಅದರ ಮೇಲೆ ಸಾಹೇಬರ ಗಾಜಿನ ಪಟ್ಟಿ ಬಿಗಿದಿತ್ತು. ಕಟ್ಟಿದವರು ಅವರೇ, ಸಾವಿರ ಜನರಲ್ಲಿ ಅದು ನೆನಪಾದದ್ದು ಅವರೊಬ್ಬರಿಗೇ. ಚನ್ನವೀರನ ಕಣ್ಣಲ್ಲಿ ಕಣ್ಣಿಟ್ಟು, ನೀನು ಎತ್ತಿದಷ್ಟೇ ಎತ್ತರಕ್ಕೆ ನಾನು ಕೈ ಎತ್ತಿದೆ. ನೀನು ಮಾಡದ ತಪ್ಪನ್ನು ಮೂರು ವರ್ಷ ಹೊತ್ತೆ. ಅದಕ್ಕಿಂತ ದೊಡ್ಡದನ್ನು ಈಗ ನಾನು ಬೇಕೆಂದೇ ಮಾಡಿದ್ದೇನೆ. ಬಂದಾಗ ಏನೂ ಕೇಳಬೇಡ, ಈ ಹಾಳೆಯನ್ನು ಅಲ್ಲೇ ಸುಟ್ಟು ಬಾ. ಪಶ್ಚಾತ್ತಾಪ ಬಂದೀತೆಂದು ಮೂರು ದಿನ ಕಾದೆ, ಅಣ್ಣಾ. ಬರಲಿಲ್ಲ.