ಮಾವನವರೇ, ಮೋಟಾರು ಮಾರಿಲ್ಲ

ತೀರ್ಥರೂಪ ಮಾವನವರಿಗೆ,

ಅಳಿಯ ವೀರಪ್ಪನ ನಮಸ್ಕಾರ. ತಲೆ ಬಾಗಿಸಿಯೇ ಬರೆಯುತ್ತಿದ್ದೇನೆ, ಮಾತು ಮಾತ್ರ ಬಾಗಿಸಿಲ್ಲ. ಇತ್ತ ನಾವು ಕ್ಷೇಮ ಎಂದು ಬರೆದು ಅತ್ತಣ ಕ್ಷೇಮ ಕೇಳುವುದು ರೂಢಿ. ನೀವಿರುವ ಕಡೆ ಕ್ಷೇಮಕ್ಕೇನು ಕೊರತೆ? ಅಲ್ಲಿ ಮೋಟಾರುಗಳಿಲ್ಲವೆಂದು ಕೇಳಿದ್ದೇನೆ. ನಿಮಗೆ ಅಷ್ಟು ಸಾಕು.

ನಿಮ್ಮ ವರ್ಷದ ಪುಣ್ಯತಿಥಿ ಮುಗಿದ ಮರುದಿನ ನಿಮ್ಮ ಹಿರಿಯ ಮಗ ಯಲಬುರ್ಗಾದಿಂದ ಕೊಪ್ಪಳದ ನಮ್ಮ ಮನೆಗೆ ಬಂದಿದ್ದ. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡ. "ಮಾಮಾ, ಅಪ್ಪ ಹೋಗೂ ಮುಂದ ಒಂದ ಮಾತ ಹೇಳ್ಯಾನ. ವೀರಪ್ಪ ಆ ಡಬ್ಬಿ ಮಾರಲಿ, ನಮ್ಮ ಚಕ್ಕಡಿ ವ್ಯಾಪಾರದಾಗ ಬಂದು ಕೂಡ್ಲಿ, ಅವಂಗೂ ಸರಿಪಾಲು ಕೊಡ್ರಿ ಅಂತ." ನಾನು ಅವನಿಗೆ ಉತ್ತರ ಕೊಡಲಿಲ್ಲ. ಮಾತು ನಿಮ್ಮದಾದ ಮೇಲೆ ಉತ್ತರವೂ ನಿಮಗೇ ಬರಬೇಕಲ್ಲವೇ? ಸತ್ತ ಮೇಲೂ ನನ್ನ ಮೋಟಾರು ಮಾರಿಸಲು ನೋಡುತ್ತೀರಿ ಎಂದರೆ, ಬದುಕಿದ್ದಾಗ ನಿಮ್ಮನ್ನು ನಾನು ಎಷ್ಟು ಕಾಡಿರಬೇಕು...

ಅದನ್ನು ಕೊಂಡ ದಿನ ನಿಮಗೆ ಪೂರ್ತಿ ಗೊತ್ತಿಲ್ಲ. ಗಂಗಾವತಿ ಕಡೆಯ ಒಬ್ಬ ಜಮೀನ್ದಾರರ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. "ಚಾಲೂ ಆದರ ಕುದರಿ, ಆಗಲಿಲ್ಲಂದ್ರ ಕುರ್ಚಿ. ಹೆಂಗಿದ್ದರೂ ನಿನಗ ಲುಕ್ಸಾನಿಲ್ಲ ತಗೋ," ಎಂದರು ಜಮೀನ್ದಾರರು. ಅಷ್ಟು ಪ್ರಾಮಾಣಿಕವಾಗಿ ಮಾರುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಿಟ್ನಾಳದ ಹತ್ತಿರ ಮೊದಲ ಸಲ ನಿಂತಿತು. ಗಿಣಿಗೇರಾದಲ್ಲಿ ಇನ್ನೊಮ್ಮೆ ನಿಂತು, ನಿಂತೇ ಬಿಟ್ಟಿತು. ಭತ್ತದ ಚಕ್ಕಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಕೊಪ್ಪಳ ಹೊಕ್ಕೆವು. ನಾನು ಮಾತ್ರ ಚಕ್ರ ಹಿಡಿದು ನೆಟ್ಟಗೆ ಕೂತಿದ್ದೆ. ನೋಡುವವರಿಗೆ ನಾನು ಚಕ್ಕಡಿಯನ್ನು ಹಿಂದಿನಿಂದ ನೂಕುತ್ತಿದ್ದೇನೆ ಅನ್ನಿಸಲಿ ಎಂದು.

ಬಾಡಿಗೆ ಕೊಟ್ಟು ಹತ್ತಿದ ಕುಷ್ಟಗಿ ಕಚೇರಿಯ ಗುಮಾಸ್ತರ ಕಥೆ ನಿಮ್ಮ ಕಿವಿಗೂ ಬಿದ್ದಿತ್ತು, ನೆನಪಿದೆಯೇ? ಎಡಕ್ಕೆ ತಿರುಗಿದಾಗ ಬಾಗಿಲು ತಾನಾಗಿ ತೆರೆದುಕೊಳ್ಳುವ ಚಾಳಿ ಅದಕ್ಕಿತ್ತು. ಒಂದು ತಿರುವಿನಲ್ಲಿ ಗುಮಾಸ್ತರು ಜೋಳದ ಹೊಲಕ್ಕೆ ಉರುಳಿದರು. ಹಿಂದೆ ತಿರುಗಿ ನೋಡುವಷ್ಟರಲ್ಲಿ ಎದ್ದು, ಟೊಪ್ಪಿಗೆ ಕೊಡವಿಕೊಂಡು, ಹೊಲದ ಬದುವಿನ ಮೇಲೆ ನಡೆದು ಹೊರಟಿದ್ದರು. ಎಷ್ಟು ಕರೆದರೂ ಹತ್ತಲಿಲ್ಲ. ನಾವು ನಿಂತು ನಿಂತು ಕುಷ್ಟಗಿ ಮುಟ್ಟುವಷ್ಟರಲ್ಲಿ ಅವರು ಸ್ನಾನ ಮುಗಿಸಿ ಊಟಕ್ಕೆ ಕೂತಿದ್ದರು. ಇದನ್ನು ನೀವು ಸಂತೆಯಲ್ಲಿ ಹೇಳಿಕೊಂಡು ನಗುತ್ತಿದ್ದಿರಂತೆ. ನಾನೂ ಹೇಳಿ ನಗುತ್ತೇನೆ. ಲೆಕ್ಕ ಸರಿಯಾಗಿ ಇಡುವವನು ತನ್ನ ಕಡೆಯ ನಷ್ಟವನ್ನೂ ಬರೆಯಬೇಕು: ಈ ಸೀಮೆಯಲ್ಲಿ ಅದಕ್ಕಿಂತ ಕೆಟ್ಟ ಮೋಟಾರು ಇರಲಿಲ್ಲ. ಒಪ್ಪುತ್ತೇನೆ. ಇಳುಕಲಿನಲ್ಲಿ ಮಾತ್ರ ಚಾಲೂ ಆಗುತ್ತಿತ್ತು. ಬ್ರೇಕು ಹಿಡಿಯುತ್ತಿರಲಿಲ್ಲವಾದ್ದರಿಂದ ಇಳುಕಲಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕಿತ್ತು.

ಎರಿಮಣ್ಣಿನ ಕೆಸರಿನಲ್ಲಿ ಅದು ಹೂತಾಗಲೆಲ್ಲ ಬಂದದ್ದು ನಿಮ್ಮ ಎತ್ತುಗಳೇ. ಹತ್ತಿ, ಶೇಂಗಾ ಹೇರಿಕೊಂಡು ಕೊಪ್ಪಳ ಸ್ಟೇಶನ್ನಿಗೆ ಬರುತ್ತಿದ್ದ ನಿಮ್ಮ ಚಕ್ಕಡಿಗಳ ದಾರಿ ಮತ್ತು ನನ್ನ ಬಾಡಿಗೆ ಮೋಟಾರಿನ ದಾರಿ ಒಂದೇ ಆಗಿದ್ದು ನನ್ನ ಪುಣ್ಯವೋ ನಿಮ್ಮ ಕರ್ಮವೋ. "ಏನಪಾ ಅಳಿಯಾ, ನಿನ್ನ ಕುದರಿಗೆ ಹಾದಿ ಮರತೈತೇನು?" ಎಂದು ಕೇಳಿ, ಒಳಗೆ ಕೂತ ಪ್ರಯಾಣಿಕರೆಲ್ಲ ನಕ್ಕು ಮುಗಿಸುವವರೆಗೆ ಕಾದು, ಆಮೇಲೆ ಹಗ್ಗ ಬಿಚ್ಚಿಸುತ್ತಿದ್ದಿರಿ. ಹಗ್ಗ ಕಟ್ಟುತ್ತಿದ್ದವನು ನಿಮ್ಮ ದನದ ಹಟ್ಟಿ ನೋಡಿಕೊಳ್ಳುತ್ತಿದ್ದ ಮುದುಕ ದುರುಗಪ್ಪ. ಅವನೊಬ್ಬ ನಗುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಕೈಯಾಡಿಸಿ, "ಮೈ ಸುಡಾಕತ್ತೇತಿ, ನೀರು ಕುಡಸ್ರಿ," ಎನ್ನುತ್ತಿದ್ದ.

ಆ ಕಾರಹುಣ್ಣಿವೆಯ ದಿನ ನೀವೇ ನನ್ನನ್ನೂ ನೀಲವ್ವನನ್ನೂ ಹಬ್ಬಕ್ಕೆ ಕರೆದಿದ್ದಿರಿ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಊರಬಾಗಿಲ ಅಗಸಿಗೆ ಅಡ್ಡ ಕಟ್ಟಿದ ಕರಿಯ ಕಡೆಗೆ ಓಡಿಸುವ ಹಬ್ಬ. ಬೇವಿನ ಸೊಪ್ಪು ಸಿಕ್ಕಿಸಿದ ಆ ಹಗ್ಗವನ್ನು ಬಿಳಿ ಎತ್ತು ಮೊದಲು ಹರಿದರೆ ಬಿಳಿಜೋಳದ ವರ್ಷ, ಕೆಂದೆತ್ತು ಹರಿದರೆ ಕೆಂಪು ಕಾಳಿನ ವರ್ಷ. ಎಷ್ಟೋ ವರ್ಷಗಳಿಂದ ಕರಿ ಹರಿಯುತ್ತಿದ್ದದ್ದು ನಿಮ್ಮ ಬಿಳಿ ಎತ್ತು. ಊರು ಬಿತ್ತುತ್ತಿದ್ದದ್ದು ನಿಮ್ಮ ಮುಖ ನೋಡಿ. ನಾನು ನಿಮ್ಮ ಮನೆಯ ಮುಂದಿನ ಇಳುಕಲಿನಲ್ಲಿ, ಅಗಸಿಯ ಕಡೆ ಮುಖ ಮಾಡಿ ಮೋಟಾರು ನಿಲ್ಲಿಸಿ, ಕಲ್ಲು ಕೊಟ್ಟು, ಹೋಳಿಗೆ ಊಟಕ್ಕೆ ಒಳಗೆ ಬಂದೆ. ಹೊರಗೆ ಡೊಳ್ಳು ಶುರುವಾಯಿತು. ಆಮೇಲೆ ಡೊಳ್ಳು ನಿಂತು, ಮಂದಿಯ ಕೂಗು ಕೇಳಿಸಿತು.

ನಾವು ಓಡಿ ಬಂದಾಗ ಕರಿ ಹರಿದು ಬಿದ್ದಿತ್ತು. ಬೇವಿನ ಸೊಪ್ಪನ್ನು ಮೂತಿಗೆ ಸುತ್ತಿಕೊಂಡು ನನ್ನ ಮೋಟಾರು ಅಗಸಿಯಾಚೆಯ ತಿಪ್ಪೆಯಲ್ಲಿ ಮೂಗು ಹುದುಗಿಸಿತ್ತು. ಯಾರಿಗೂ ಗಾಯವಿಲ್ಲ. ನಿಮ್ಮ ಬಿಳಿ ಎತ್ತು ಇನ್ನೂ ಬೀದಿಯ ಆ ತುದಿಯಲ್ಲಿ ಬಾಸಿಂಗ ಕಟ್ಟಿಸಿಕೊಂಡು ನಿಂತಿತ್ತು, ಮುಹೂರ್ತ ತಪ್ಪಿದ ಮದುಮಗನ ಹಾಗೆ.

"ಬಿಳೀದು ಹರದ್ರ ಬಿಳಿಜೋಳ. ಕೆಂದು ಹರದ್ರ ಕೆಂಪುಕಾಳು. ಡಬ್ಬಿ ಹರದ್ರ ಏನು ಬಿತ್ತೂದ್ರಿ ಗೌಡ್ರ?" ಎಂದು ಯಾರೋ ಕೇಳಿದರು.

"ಮೊಳಿ ಬಿತ್ರಿ," ಎಂದರು ಗೌಡರು. "ಹಿಂಗಾರಿಗೆ ನಟ್ಟು ಬರತಾವ."

ಊರೆಲ್ಲ ನಕ್ಕಿತು. ನೀವು ನಗಲಿಲ್ಲ. ನಿಮ್ಮ ಎತ್ತಿನ ಮಾನ ಅಗಸಿಯಲ್ಲಿ ಬಿದ್ದಿತ್ತು. ಅಲ್ಲೇ, ಎಲ್ಲರ ಮುಂದೆ ಹೇಳಿದಿರಿ: "ಅದನ್ನ ಮಾರು. ಮಾರಿದ ಮರುದಿನ ನನ್ನ ಮಗಳು ನಿನ್ನ ಮನಿಗೆ ಬರತಾಳ. ಅಲ್ಲೀತನಕ ನೀಲವ್ವ ನನ್ನ ಮನಿಯಾಗ ಇರತಾಳ."

ಚಕ್ರದ ಕಲ್ಲು ತೆಗೆದವನು ಯಾರು ಎಂದು ನೀವು ಕೇಳಲೇ ಇಲ್ಲ. ನಾನು ಕಲ್ಲು ಕೊಟ್ಟೇ ಇಲ್ಲವೆಂದು ತಿಳಿದಿರಿ. ತೆಗೆದವನು ದುರುಗಪ್ಪ. ತಿಪ್ಪೆಯಿಂದ ಎಳೆಯುವಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಇವತ್ತ ಯಾವ ದನಕ್ಕೂ ಕಟ್ಟು ಹಾಕಬಾರದ್ರಿ. ಎಲ್ಲಾ ಎತ್ತಿನ ದಾವಣಿ ಬಿಚ್ಚಿದ್ದೆ. ಇದೊಂದ ಪಾಪ, ಕಾಲಿಗೆ ಕಲ್ಲು ಕೊಡಿಸ್ಕೊಂಡು ನಿಂತಿತ್ತು. ಹಬ್ಬದ ದಿನ..." ಇದನ್ನು ನಾನು ನಿಮ್ಮ ಮುಂದೆ ಹೇಳಿದ್ದರೆ ನೀಲವ್ವ ಅಂದೇ ನನ್ನ ಜೊತೆ ಬರುತ್ತಿದ್ದಳು, ದುರುಗಪ್ಪ ಅಂದೇ ನಿಮ್ಮ ಹಟ್ಟಿ ಬಿಡುತ್ತಿದ್ದ. ನಾನು ಹೇಳಲಿಲ್ಲ. ದೊಡ್ಡತನ ಎಂದುಕೊಳ್ಳಬೇಡಿ. ನನ್ನ ಮೋಟಾರಿಗೆ ಬಾಯಾರಿಕೆ ಆಗುತ್ತದೆ ಎಂದು ನಂಬಿದವನು ಮೂರು ತಾಲ್ಲೂಕಿನಲ್ಲಿ ಅವನೊಬ್ಬನೇ. ಅಂಥವನನ್ನು ಕಳೆದುಕೊಂಡು ವ್ಯಾಪಾರ ಮಾಡಲು ಆಗುತ್ತದೆಯೇ? ಆ ವರ್ಷ ಬೆಳೆಯೂ ಬಂತು, ನಿಮ್ಮ ಬಿಳಿ ಎತ್ತು ಹರಿದ ವರ್ಷಗಳಲ್ಲಿ ಬಂದಷ್ಟೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನೀವು ಗದಗಿನಿಂದ ಹಳೆ ಕಬ್ಬಿಣದ ಮೋಡಕಾ ವ್ಯಾಪಾರಿಯನ್ನು ಕಳಿಸಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂತು. ಅವನು ಮೋಟಾರಿಗೆ ತಕ್ಕಡಿಯ ಮಾತಾಡಿದ. ಮಾವನವರೇ, ನಾನು ಕೊಪ್ಪಳ ಸ್ಟೇಶನ್ನಿನಲ್ಲಿ ಮಂದಿಯ ಗಂಟು ಹೊರುತ್ತಿದ್ದಾಗ ನನಗೆ ಹೆಸರಿರಲಿಲ್ಲ. "ಏ, ಇಲ್ಲಿ ಬಾ" ಅಷ್ಟೇ. ಎಲೆಯಡಿಕೆ ಮಾರಿದಾಗಲೂ ಅಂಗಡಿಗೆ ಹೆಸರಿತ್ತು, ನನಗಿರಲಿಲ್ಲ. ಈ ಮೋಟಾರು ದಾರಿಯಲ್ಲಿ ನಿಲ್ಲಲು ಶುರುಮಾಡಿದ ಮೇಲೆ ಗಂಗಾವತಿಯಿಂದ ಕುಷ್ಟಗಿಯವರೆಗೆ ಮಂದಿ "ಆ ಹಾಳ ವೀರಪ್ಪ" ಎನ್ನತೊಡಗಿದರು. ಬೈಗುಳದ ಜೊತೆಗಾದರೂ ಹೆಸರು ಬಂತೋ ಇಲ್ಲವೋ? ಹುಟ್ಟಿದಾಗಿನಿಂದ ನಾನೇ ಇನ್ನೊಬ್ಬರ ಭಾರ ಹೊತ್ತಿದ್ದೆ. ಕೆಟ್ಟದೋ ಒಳ್ಳೆಯದೋ, ನನ್ನನ್ನು ಹೊತ್ತದ್ದು ಅದು. ಅದನ್ನು ತೂಕಕ್ಕೆ ಕೊಡು ಎಂದರೆ... ಮಾರಲಿಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಸುಟ್ಟ ರೊಟ್ಟಿ ತಿಂದೆ, ಮಾರಲಿಲ್ಲ.

ನೀಲವ್ವ ನಿಮ್ಮ ಮನೆಯಿಂದ ಹೊರಟ ಮಧ್ಯಾಹ್ನವನ್ನು ನೀವು ಬಾಗಿಲಲ್ಲಿ ನಿಂತು ನೋಡಿದಿರಿ. ಮೋಟಾರು ನಿಮ್ಮ ಬಾವಿಯ ಹತ್ತಿರ ಹೊಗೆ ಬಿಟ್ಟು ನಿಂತಿತ್ತು. ಪ್ರಯಾಣಿಕರು ಇಳಿದು ನನ್ನ ವಂಶವನ್ನೆಲ್ಲ ಎಣಿಸುತ್ತಿದ್ದರು. ಅವಳು ತುಂಬಿದ ಕೊಡ ಹೊತ್ತು ನೆಟ್ಟಗೆ ಬಂದಳು, ನನ್ನ ಮುಖ ನೋಡದೆ ರೇಡಿಯೇಟರಿಗೆ ನೀರು ಹೊಯ್ದಳು, ಬರಿಕೊಡ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. "ನಡೀರಿ," ಎಂದಳು.

"ಚಾಲೂ ಆಗೂದಿಲ್ಲ," ಎಂದೆ.

"ಗೊತ್ತೈತಿ. ನಾ ಇಳಿಯೂದಿಲ್ಲ. ನೂಕ್ರಿ."

ಪ್ರಯಾಣಿಕರು ಬೈಯುವುದನ್ನು ನಿಲ್ಲಿಸಿ ನೂಕಿದರು. ನಿಮ್ಮ ಬಾಗಿಲ ಮುಂದೆಯೇ ಹಾದೆವು, ನಡಿಗೆಯ ವೇಗದಲ್ಲಿ. ನೀವು ಏನಾದರೂ ಹೇಳಲು ಸಾಕಷ್ಟು ಸಮಯವಿತ್ತು. ಹೇಳಲಿಲ್ಲ. ಅವಳು ಮುಂದೆ ನೋಡುತ್ತ, "ಕೊಡ ಆಮ್ಯಾಲ ಕಳಸ್ತೀನವ್ವಾ," ಎಂದು ಒಳಗಿದ್ದ ತಾಯಿಗೆ ಕೂಗಿ ಹೇಳಿದಳು.

ಆಮೇಲೆ ನೀವು ನನ್ನ ಜೊತೆ ಮಾತಾಡಲಿಲ್ಲ. ಯುದ್ಧ ಬಂದು ಪೆಟ್ರೋಲು ರೇಷನ್ ಚೀಟಿಗೆ ಬಿದ್ದು, ನಾನು ಹಿಂದೆ ಇದ್ದಲಿಯ ಡ್ರಮ್ಮು ಕೂಡಿಸಿ ಅದರ ಗ್ಯಾಸಿನಿಂದ ಮೋಟಾರು ಓಡಿಸತೊಡಗಿದಾಗ, "ಒಲಿ ಹೊತ್ತ ಎಮ್ಮಿ ಬಂತ ನೋಡ್ರಿ" ಎಂದದ್ದನ್ನೂ ನನಗಲ್ಲ, ಗೋಡೆಗೆ ಹೇಳಿದಿರಿ. ಆದರೆ ಒಂದು ಕೇಳುತ್ತೇನೆ. ನಾನು ಯಲಬುರ್ಗಾ ದಾಟುವ ದಿನಗಳಲ್ಲಿ ನಿಮ್ಮ ಅಂಗಳದಲ್ಲಿ ಒಂದು ಜೋಡಿ ಎತ್ತು ನೊಗ ಹೊತ್ತು ನಿಂತಿರುತ್ತಿತ್ತಲ್ಲ, ಯಾರಿಗೆ? ದುರುಗಪ್ಪನನ್ನು ಕೇಳಿದರೆ, "ಹೊಲಕ್ಕ ಹೊಂಟಾವ್ರಿ," ಎನ್ನುತ್ತಿದ್ದ. ಎಳೆಯುವ ಹಗ್ಗ ಹೆಗಲಿಗೆ ಹಾಕಿಕೊಂಡು, ಉಳುವ ಗಳೆಯಿಲ್ಲದೆ, ಚಕ್ಕಡಿಯಿಲ್ಲದೆ, ಯಾವ ಹೊಲಕ್ಕೆ ಹೋಗುತ್ತಿದ್ದವು ಮಾವನವರೇ? ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಿರಾ?

ನಿಮಗೆ ಎದೆನೋವು ಬಂದ ದಿನದ ಬಗ್ಗೆ ಮಂದಿ ಇವತ್ತಿಗೂ ಮಾತಾಡುತ್ತಾರೆ. ಅಳಿಯನ ಮೋಟಾರಿಗೆ ಹೇಳಿ ಕಳಿಸೋಣ ಎಂದಾಗ, "ಅದರಾಗ ಕುಂತು ನಾ ಸ್ವರ್ಗಕ್ಕೂ ಹೋಗೂದಿಲ್ಲ" ಎಂದು ಚಕ್ಕಡಿಯಲ್ಲಿ ಮಲಗಿ ಕೊಪ್ಪಳ ಸ್ಟೇಶನ್ನಿಗೆ ಬಂದಿರಿ. ರೈಲು ಹತ್ತಿಸುವಾಗ ನನ್ನ ಹೆಗಲಿಗೆ ಕೈ ಹಾಕಿದಿರಿ, ಭಾರವೆಲ್ಲ ಬಿಟ್ಟು. ಗದಗಿನ ದವಾಖಾನೆಯಿಂದ ನೀವು ತಿರುಗಿ ಬರಲಿಲ್ಲ. ಹಟ ಬಿಟ್ಟು ಮೋಟಾರಿನಲ್ಲಿ ಕೂತಿದ್ದರೆ ಬದುಕುತ್ತಿದ್ದ ಎನ್ನುತ್ತಾರೆ ಮಂದಿ. ನನ್ನ ಪರವಾದ ಮಾತು ಎಂದು ತಿಳಿದು ನನ್ನ ಎದುರಿಗೇ ಹೇಳುತ್ತಾರೆ. ನಾನು ಬಾಯಿ ಮುಚ್ಚಿಸುತ್ತೇನೆ. ಮೋಟಾರು ಹಿಂದಿನ ದಿನವೇ ಕುಷ್ಟಗಿ ದಾರಿಯಲ್ಲಿ ಚಕ್ರ ಕಳಚಿಕೊಂಡು ಕೂತಿತ್ತು, ನಾನು ಅದನ್ನು ಅಲ್ಲೇ ಬಿಟ್ಟು ಕೊಪ್ಪಳಕ್ಕೆ ಬಂದಿದ್ದೆ. ಅದನ್ನು ನಂಬಿದ್ದರೆ ನೀವು ಯಲಬುರ್ಗಾ ಬಿಡುವುದೇ ಮರುದಿನವಾಗುತ್ತಿತ್ತು. ನಿಮ್ಮ ಎತ್ತುಗಳು ನನ್ನ ಮೋಟಾರಿಗಿಂತ ಬೇಗ ಓಡಿದವು. ಇದನ್ನು ಸಂತೆಯಲ್ಲಿ, ಸ್ಟೇಶನ್ನಿನಲ್ಲಿ, ಎಲ್ಲಿ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ. ನೀವು ಅಂದು ತಪ್ಪು ಮಾಡಲಿಲ್ಲ. ಅಷ್ಟು ನಿಮ್ಮ ಜಮಾಕ್ಕೆ.

ಆದರೂ ಮಾರುವುದಿಲ್ಲ. ಸರಿಪಾಲು ಎಂದಿರಲ್ಲ, ಅದು ದೊಡ್ಡ ಮಾತು. ಕೈಮುಗಿದು ವಾಪಸು ಕೊಡುತ್ತಿದ್ದೇನೆ. ನಿಮ್ಮ ಮಕ್ಕಳು ಎತ್ತು ಓಡಿಸಲಿ, ನಾನು ಇದನ್ನು ನಿಲ್ಲಿಸಿಕೊಂಡಿರುತ್ತೇನೆ.

ಇನ್ನು ನೀವು ಕೇಳಿರದ ಸುದ್ದಿ. ಹೋದ ವಾರ ಗಂಗಾವತಿಯಲ್ಲಿ ಇನ್ನೊಂದು ಮೋಟಾರು ಮಾರಾಟಕ್ಕಿತ್ತು. ಪೆಟ್ರೋಲು ಸಿಗದೆ ಬೇಸತ್ತ ಒಬ್ಬ ವ್ಯಾಪಾರಿಯದು. ನೀಲವ್ವ ತಾನೂ ಬರುತ್ತೇನೆಂದಳು. ಸುತ್ತ ಒಂದು ಸುತ್ತು ಹಾಕಿದಳು, ಹಿಂದೆ ನಿಂತು ನೋಡಿದಳು, ಬಗ್ಗಿ ನಾಲ್ಕೂ ಚಕ್ರ ಒತ್ತಿದಳು. ಏರು ಹತ್ತಿಸಿ ತೋರಿಸು ಎಂದಳು. ಭತ್ತದ ಚೀಲ ಹೇರಿ ಮತ್ತೊಮ್ಮೆ ಹತ್ತಿಸು ಎಂದಳು.

ವ್ಯಾಪಾರಿ ಬೆವರು ಒರೆಸಿಕೊಂಡು, "ತಂಗೆವ್ವಾ, ಇದು ಮೋಟಾರು, ಎತ್ತಲ್ಲ," ಎಂದ.

"ಎರಡೂ ನಡು ಹಾದ್ಯಾಗ ಕೂಡತಾವಣ್ಣಾ. ಕುಂತ ಮ್ಯಾಲ ಏಳತಾವೋ ಇಲ್ಲೋ ನೋಡಬೇಕಲ್ಲ," ಎಂದಳು.

ಕೊಂಡೆವು. ಮೊದಲನೆಯದಕ್ಕಿಂತ ಹಳೆಯದು, ಮೊದಲನೆಯದಕ್ಕಿಂತ ಹೆಚ್ಚು ಕೆಮ್ಮುತ್ತದೆ. ಈ ಸಲ ಆರಿಸಿದವಳು ನಿಮ್ಮ ಮಗಳು. ಬೈಯುವುದಿದ್ದರೆ ಅವಳನ್ನೇ ಬೈಯಿರಿ. ತಿರುಗಿ ಉತ್ತರ ಕೊಡುವುದರಲ್ಲಿ ಅವಳು ನನ್ನಂತಲ್ಲ, ನಿಮ್ಮಂತೆ.

ನಿಮ್ಮ ಅಳಿಯ,
ವೀರಪ್ಪ