ಎರಡು ಸಲ ಬರುವ ಗಂಟೆ

ಮಂಗಳವಾರ, ಮಧ್ಯಾಹ್ನ

ಅಳಿಯಂದಿರಿಗೆ ನಿಮ್ಮ ಅತ್ತೆಯ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ, ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ನೀವೂ ನಿಮ್ಮ ಅಣ್ಣನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗಬೇಡಿ. ನಿಮ್ಮ ಹೊಸ ನಂಬರಿಗೆ ಎಷ್ಟು ಸಲ ಮಾಡಿದರೂ ನೀವು ಎತ್ತಲಿಲ್ಲ. ಕೆಳಗಿನ ಮನೆಯ ಬಸ್ ಡ್ರೈವರು ನಾಳೆ ನಿಮ್ಮ ಕಡೆಯ ಬಸ್ಸಿಗೆ ಹೋಗುತ್ತಾರೆ. ನಿಮ್ಮ ಅಣ್ಣನ ಅಂಗಡಿ ನಿಲ್ದಾಣದ ಎದುರಿಗೇ ಇದೆಯಲ್ಲ, ಅಲ್ಲಿ ಕೊಟ್ಟುಬರುತ್ತೇನೆ ಎಂದಿದ್ದಾರೆ. ಫೋನು ಬೇಡವೆನಿಸಿದರೆ ಸುಮ್ಮನಿರಿಸಬಹುದು. ಕೈಗೆ ಬಂದ ಬರಹವನ್ನು ಓದದೆ ಬಿಡುವ ಜಾಯಮಾನ ನಿಮ್ಮದಲ್ಲ ಎನ್ನುವ ಒಂದೇ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾನು ಈಗ ಇಲ್ಲಿ ನಿಮ್ಮ ಮನೆಯಲ್ಲೇ, ಮಗಳ ಜೊತೆ ಇದ್ದೇನೆ. ಮಂಡಿ ತೋರಿಸಿಕೊಳ್ಳಲು ಹೋಗುತ್ತೇನೆ ಎಂದು ಊರಲ್ಲಿ ಎಲ್ಲರಿಗೂ ಹೇಳಿ ಬಂದೆ. ನಿಜವೇನೆಂದರೆ ಮಗಳು ಫೋನಿನಲ್ಲಿ, "ಅಮ್ಮ, ಸ್ವಲ್ಪ ದಿನ ಬಂದು ಇರ್ತೀಯಾ?" ಎಂದಳು. ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ ಅವಳು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಕತ್ತರಿಸಿಟ್ಟ ಅಂಗಿಗಳನ್ನು ಪಕ್ಕದವಳಿಗೆ ಒಪ್ಪಿಸಿ ಹೊರಟುಬಂದೆ.

ವಿಷಯಕ್ಕೆ ಬರುತ್ತೇನೆ. ಗುಬ್ಬಿಯಲ್ಲಿ ತಪ್ಪು ಸಿಕ್ಕಿದೆ.

ನೀವಿಬ್ಬರೂ ಮದುವೆಯ ಹೊಸದರಲ್ಲಿ ಕೂಡಿ ಬರೆದು, ಗುಬ್ಬಿ ಎಂದು ಹೆಸರಿಟ್ಟು, ಲೋಕಕ್ಕೆಲ್ಲ ಧರ್ಮಕ್ಕೆ ಬಿಟ್ಟದ್ದು ಏನೆಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕೇಳಿದವರಿಗೆ "ಅದೇನೋ ಕಂಪ್ಯೂಟರಿನದು" ಎನ್ನುತ್ತಿದ್ದೆ. ಈಗ ಮಗಳು ತರಕಾರಿ ಹೆಚ್ಚುತ್ತಾ ಹೇಳಿಕೊಟ್ಟಿದ್ದಾಳೆ. ನಾನು ಅಂಗಿ ಹೊಲಿಯುತ್ತೇನೆ, ಆದರೆ ಗುಂಡಿ ಮಾಡುವುದಿಲ್ಲ. ಬೇರೆ ಯಾರೋ ಮಾಡಿದ ಗುಂಡಿಯನ್ನು ತಂದು ಹಚ್ಚುತ್ತೇನೆ. ಹಾಗೆಯೇ ಆಪ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲವಂತೆ. ಸಣ್ಣಪುಟ್ಟದ್ದನ್ನೆಲ್ಲ ಒಂದು ದೊಡ್ಡ ಉಗ್ರಾಣದಂಥ ಜಾಗದಿಂದ ಎತ್ತಿಕೊಳ್ಳುತ್ತಾರಂತೆ. ಅಲ್ಲಿ ನಿಮ್ಮ ಗುಬ್ಬಿಯೂ ಒಂದು ಗುಂಡಿ. ಗಂಟೆ ಎಣಿಸುವುದೇ ಅದರ ಕೆಲಸ. ಈಗಿನಿಂದ ಎಂಟು ಗಂಟೆ ಆದಮೇಲೆ ಗಡಿಯಾರದಲ್ಲಿ ಎಷ್ಟಾಗಿರುತ್ತದೆ ಎಂದು ಕೇಳಿದರೆ ಹೇಳುತ್ತದೆ. "ಇದಕ್ಕೆ ಇಬ್ಬರು ಬೇಕಾ? ನಾನು ಬೆರಳಲ್ಲೇ ಎಣಿಸ್ತೀನಿ" ಎಂದೆ. ಅವಳು ನಕ್ಕಳು. ನಾನು ಬಂದಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ಕೆಲವು ದೇಶಗಳಲ್ಲಿ ವರ್ಷಕ್ಕೆ ಒಂದು ದಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಂತೆ. ಆ ದಿನ ಒಂದೇ ಗಂಟೆ ಎರಡು ಸಲ ಬರುತ್ತದೆ. ಮನುಷ್ಯರು ಹೀಗೂ ಮಾಡುತ್ತಾರೆಯೇ ಎಂದು ನನಗೆ ಆಶ್ಚರ್ಯ. ಕಳೆದ ಗಂಟೆಯನ್ನು ಮತ್ತೆ ಕೊಡುವುದು ದೇವರ ಕೆಲಸ ಎಂದುಕೊಂಡಿದ್ದೆ. ಇರಲಿ. ದೂರದ ಒಂದು ದೇಶದ ವೃದ್ಧಾಶ್ರಮದಲ್ಲಿ ಯಾರಿಗೆ ಯಾವ ಮಾತ್ರೆ ಯಾವಾಗ ಎಂದು ತೋರಿಸುವ ಆಪ್ ಇದೆ. ಅದರ ಒಳಗೆ ನಿಮ್ಮ ಗುಬ್ಬಿ ಕೂತಿದೆ. ಹೋದ ವರ್ಷ ಗಡಿಯಾರ ತಿರುಗಿಸಿದ ದಿನ, ಎರಡನೆಯ ಸಲ ಬಂದ ಗಂಟೆಯನ್ನು ಗುಬ್ಬಿ ಮೊದಲನೆಯದೇ ಎಂದುಕೊಂಡಿತು. ಆ ಹೊತ್ತಿನ ಮಾತ್ರೆಗಳನ್ನೆಲ್ಲ ಆಪ್ "ಕೊಟ್ಟಾಗಿದೆ" ಎಂದು ತೋರಿಸಿತು. ಒಬ್ಬ ಮುದುಕರು ನೋವು ತಡೆಯಲಾರದೆ ಎದ್ದು ಕೂತು, ನನಗೆ ಯಾರೂ ಕೊಟ್ಟಿಲ್ಲ ಎಂದು ಹಟ ಹಿಡಿದರಂತೆ. ಅವರ ಮಾತನ್ನು ನಂಬಿದ ನರ್ಸಮ್ಮ ಉಳಿದವರನ್ನೂ ವಿಚಾರಿಸಿದ್ದರಿಂದ ಗೊತ್ತಾಯಿತು. ಆ ಆಪಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಆಕೆ ಯಾರುಯಾರನ್ನೋ ಕೇಳಿಕೊಂಡು, ಕೊನೆಗೆ ಈ ವಾರ ನಿಮ್ಮ ಗುಬ್ಬಿಯ ಪುಟ ಹುಡುಕಿ ಬರೆದಿದ್ದಾರೆ. ಬೈಗುಳ ಒಂದೂ ಇಲ್ಲ. ಬರುವ ಭಾನುವಾರ ಮತ್ತೆ ಗಡಿಯಾರ ತಿರುಗುತ್ತದೆ, ಅಷ್ಟರಲ್ಲಿ ಏನಾದರೂ ಮಾಡಲು ಆಗುತ್ತದೆಯೇ ಎಂದು ಕೇಳಿದ್ದಾರೆ, ಅಷ್ಟೆ.

ಇಲ್ಲಿಗೆ ಬರೆದು ಎದ್ದುಹೋಗಿದ್ದೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು. ಆರಿಸಿದ್ದೆ. ಬೆಳಗ್ಗೆಯಿಂದ ಇದೇ ಆಗಿದೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೊರಟೆ ಎಂದು ಮರೆತುಹೋಗುತ್ತದೆ. ಪ್ರಾರ್ಥನೆಗೆ ಕೂತರೂ ಆ ಮುದುಕರ ಮುಖವೇ ಕಣ್ಣಿಗೆ ಬರುತ್ತದೆ. ನೋಡಿಲ್ಲದ ಮುಖ ಹೇಗೆ ಬರುತ್ತದೆಯೋ.

ತಪ್ಪನ್ನು ಮಗಳು ಸರಿಮಾಡಿದ್ದಾಳೆ. ಊಟದ ಮೇಜಿನ ಮೇಲೇ ಕಂಪ್ಯೂಟರಿಟ್ಟುಕೊಂಡು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬರೆದಳು. ಆದರೆ ಅದು ಹೊರಗೆ ಹೋಗುತ್ತಿಲ್ಲ. ಯಾಕೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಒತ್ತುವ ತನಕ ಗುಬ್ಬಿ ಹಾರಬಾರದು ಎಂದು ಕಟ್ಟಳೆ ಮಾಡಿಕೊಂಡವರು ನೀವೇ ಅಲ್ಲವೇ. ಅವಳ ಹೆಸರಿನ ಎದುರು ಹಸಿರು ಗುರುತು ಇದೆ. ನಿಮ್ಮ ಹೆಸರಿನ ಎದುರು ಬರೀ ಖಾಲಿ ಸುತ್ತು. ಗಂಟೆಗೊಮ್ಮೆ ಹೋಗಿ ಆ ಸುತ್ತು ನೋಡಿ ಬರುತ್ತಾಳೆ. ಅವಳು ಸ್ನಾನಕ್ಕೆ ಹೋದಾಗ ನಾನೂ ನೋಡುತ್ತೇನೆ.

ಕಟ್ಟಳೆ ಮುರಿಯಲು ಒಂದು ದಾರಿ ಇದೆಯಂತೆ. ನಿಮ್ಮ ಹೆಸರನ್ನು ಗುಬ್ಬಿಯಿಂದ ತೆಗೆದುಹಾಕುವುದು. ಆಗ ಅವಳೊಬ್ಬಳೇ ಯಜಮಾನಿ, ಯಾರ ಒಪ್ಪಿಗೆಯೂ ಬೇಡ. ನಿನ್ನೆ ಆ ಪುಟವನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ಗುರುವಾರದ ತನಕ ಕಾಯ್ತೀನಿ ಅಮ್ಮ. ಆಪಿನವ್ರು ತಗೊಂಡು ತಮ್ಮದಕ್ಕೆ ಸೇರಿಸ್ಕೊಳ್ಳೋಕೂ ಟೈಮ್ ಬೇಕು. ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ತೆಗೆದುಬಿಡ್ತೀನಿ" ಎಂದಳು. ತೆಗೆದುಬಿಡು, ಅದರಲ್ಲೇನಿದೆ, ಕಂಪ್ಯೂಟರಿನ ಹೆಸರು ತಾನೇ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನೇ ಎದ್ದುಹೋಗಿ ತಟ್ಟೆ ತೊಳೆದೆ. ನೀವು ಹೋದಮೇಲೆ ಬೀರುವಿನಿಂದ ನಿಮ್ಮ ಬಟ್ಟೆ ತೆಗೆದಿದ್ದಾಳೆ, ಬಾಗಿಲ ಮೇಲಿನ ಹೆಸರಿನ ಹಲಗೆ ತೆಗೆದಿದ್ದಾಳೆ. ಇದೊಂದು ಉಳಿದಿತ್ತು. ಇದನ್ನೂ ತೆಗೆದರೆ ಮತ್ತೆ ಸೇರಿಸುವವಳಲ್ಲ ಅವಳು. ಹಟದಲ್ಲಿ ಅವಳು ತಂದೆಯ ಮಗಳು ಎಂದು ಹೇಳಬಹುದಿತ್ತು, ಆದರೆ ಅವರು ಪಾಪದವರು. ಹಟ ನನ್ನದೇ.

ನಿಮ್ಮಿಬ್ಬರ ಜಗಳ ಏನೆಂದು ಅವಳು ನನಗೆ ಈಗ ಹೇಳಿದಳು. ಅಲ್ಲಿಯ ತನಕ ನಾನು ಏನೇನೋ ಊಹಿಸಿಕೊಂಡಿದ್ದೆ. ಆ ಊಹೆಗಳನ್ನು ಇಲ್ಲಿ ಬರೆಯುವುದು ಬೇಡ.

ಯಾರೋ ಅಪರಿಚಿತ ಬಂದು, ಗಂಟೆ ಎಣಿಸಲು ಬಾರದವರು ಯಾಕೆ ಈ ಕೆಲಸಕ್ಕೆ ಇಳಿದಿದ್ದೀರಿ ಎಂದು ಎಲ್ಲರೂ ಓದುವ ಪುಟದಲ್ಲಿ ಬರೆದ. ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟು ಸೊಕ್ಕೇ, ಬೇಡವಾದರೆ ಜಾಗ ಖಾಲಿ ಮಾಡು ಎಂದು ನೀವು ಬರೆದಿರಿ. ನಾನಾಗಿದ್ದರೆ ಇನ್ನೂ ಎರಡು ಮಾತು ಸೇರಿಸುತ್ತಿದ್ದೆ. ಆದರೆ ನನ್ನ ಮಗಳು ನಿಮ್ಮ ಮಾತನ್ನು ಯಾರಿಗೂ ಕಾಣದಂತೆ ಮಡಚಿಟ್ಟು, ಅದರ ಕೆಳಗೆ, ನಮ್ಮ ಸಹನಿರ್ವಾಹಕರ ವರ್ತನೆಗಾಗಿ ಕ್ಷಮೆ ಕೇಳುತ್ತೇನೆ ಎಂದು ಬರೆದಳು. ಗಂಡ ಎಂದಲ್ಲ, ಸಹನಿರ್ವಾಹಕರು, ಗುಬ್ಬಿಯನ್ನು ಜೊತೆಗೆ ನೋಡಿಕೊಳ್ಳುವವರು ಎಂದು. ಅವಳು ಊಟದ ಮೇಜಿನ ಹತ್ತಿರ, ನೀವು ಒಳಕೋಣೆಯಲ್ಲಿ, ನಡುವೆ ತೆರೆದ ಬಾಗಿಲು. ಲೋಕದ ಜನವೆಲ್ಲ ಅವಳ ಮಾತಿಗೆ ಹೆಬ್ಬೆರಳೆತ್ತಿದ ಚಿತ್ರ ಹಾಕಿದ ಮೇಲೆ ನೀವು ಓದಿದಿರಿ. ಎದ್ದು ಬಂದು, "ಇಲ್ಲೇ ಇದ್ನಲ್ಲ, ನಂಗೇ ಹೇಳ್ಬಹುದಿತ್ತಲ್ವಾ?" ಎಂದಿರಂತೆ. ಅವಳು, "ಜನ ನೋಡ್ತಾ ಇದ್ರು" ಎಂದಳಂತೆ.

ಅಳಿಯಂದಿರೇ, ಅದು ತಪ್ಪು. ಹೆತ್ತವಳಾಗಿ ಹೇಳುತ್ತೇನೆ, ಅದು ಅವಳ ತಪ್ಪು. ಬಾಗಿಲಲ್ಲಿ ನಿಂತು ಕಿರುಚಿದ್ದರೆ ಪಾತ್ರೆ ತೊಳೆದ ನೀರಿನ ಜೊತೆ ಹೋಗಿಬಿಡುತ್ತಿತ್ತು. ನಾನೂ ನಿಮ್ಮ ಮಾವನವರೂ ಎಷ್ಟು ಕಿರುಚಾಡಿಲ್ಲ. ಬರೆದಿಟ್ಟದ್ದು ಹೋಗುವುದಿಲ್ಲ. ಈಗಲೂ ಆ ಪುಟ ಹಾಗೇ ಇದೆ, ಹೆಬ್ಬೆರಳುಗಳ ಸಮೇತ.

ಆದರೆ ಅವಳು ಈಗ ಕಂಡುಕೊಂಡದ್ದನ್ನು ನಿಮಗೆ ಹೇಳಲೇಬೇಕು. ಆ ಸೊಕ್ಕಿನವನು ಹೋದ ವರ್ಷ ಬೈದದ್ದೂ ಇದೇ ತಪ್ಪಿಗೆ. ಎರಡು ಸಲ ಬರುವ ಗಂಟೆಗೆ. ಅವನು ಬೈಗುಳದ ನಡುವೆ ಸರಿಯಾದ ಮಾತನ್ನೇ ಬರೆದಿದ್ದ. ನೀವು ಅವನ ನಾಲಿಗೆ ನೋಡಿದಿರಿ, ಅವಳು ನಿಮ್ಮ ನಾಲಿಗೆ ನೋಡಿದಳು, ನೋಡಿದ ಜನ ಹೆಬ್ಬೆರಳು ಹಾಕಿದರು. ಅವನು ಹೇಳಿದ್ದು ನಿಜವೇ ಎಂದು ಒಬ್ಬರೂ ನೋಡಲಿಲ್ಲ. ಅಂದೇ ನೋಡಿದ್ದರೆ ಆ ನರ್ಸಮ್ಮ ಇವತ್ತು ಕೈ ಮುಗಿದು ಕೇಳಬೇಕಿರಲಿಲ್ಲ. ಇದು ತಿಳಿದ ದಿನ ಮಗಳು ಬಚ್ಚಲಿನ ನಲ್ಲಿ ತಿರುಗಿಸಿ ಒಳಗೇ ನಿಂತಿದ್ದಳು. ನಾನು ಹೊರಗೆ ಟವೆಲು ಹಿಡಿದು ನಿಂತಿದ್ದೆ.

ನೀವು ಬಂದು ಸಂಸಾರ ಮಾಡಿ ಎಂದು ನಾನು ಬರೆಯುತ್ತಿಲ್ಲ. ಅದು ನಿಮ್ಮಿಬ್ಬರಿಗೆ ಬಿಟ್ಟದ್ದು, ದೇವರಿಗೆ ಬಿಟ್ಟದ್ದು. ನೀವು ಬೇಸತ್ತಿದ್ದೀರಿ, ಕಂಡವರೆಲ್ಲ ಬಂದು ಹಕ್ಕಿನಿಂದ ಕೇಳುವ ಆ ಪುಟವನ್ನು ಮತ್ತೆ ತೆರೆಯಲು ಮನಸ್ಸಿಲ್ಲ ಎನ್ನುವುದೂ ತಿಳಿಯುತ್ತದೆ. ಆದರೆ ಅವಳು ಬರೆದದ್ದನ್ನು ಒಮ್ಮೆ ಓದಿ. ಸರಿಯಿದ್ದರೆ ಒಪ್ಪಿಗೆ ಒತ್ತಿ. ಆ ಮುದುಕರಿಗೆ ಅವರ ಮಾತ್ರೆ ಅವರ ಹೊತ್ತಿಗೆ ಸಿಗಲಿ. ಗುರುವಾರ ಸಂಜೆಯ ಒಳಗೆ.

ಅವಳು ನಿಮ್ಮ ವಿಷಯ ಎತ್ತುವುದೇ ಇಲ್ಲ, ನೀವು ಹಾಗೇನೂ ತಿಳಿಯಬೇಡಿ. ನಿಮ್ಮ ಅಣ್ಣನ ಊರಿನಲ್ಲಿ ಈಗ ಚಳಿಯೇ ಎಂದು ಕೇಳಿದಳು, ಅದು ಸುಮ್ಮನೆ ಹವಾಮಾನದ ಮಾತು.

ಇಂತಿ,
ನಿಮ್ಮ ಒಳಿತನ್ನೇ ಬೇಡುವ,
ಅತ್ತೆ

ಮರೆತ ಮಾತು (ಶುಕ್ರವಾರ ಬೆಳಗ್ಗೆ ಬರೆಯುತ್ತಿದ್ದೇನೆ): ಬುಧವಾರ ಬಸ್ಸು ಕೆಟ್ಟು ಡ್ರೈವರು ಹೋಗಲೇ ಇಲ್ಲ. ಈ ಕಾಗದ ಅವರ ಜೇಬಿನಿಂದ ನನ್ನ ಕೈಗೇ ಮರಳಿ ಬಂತು. ಮುಂದೆ ನಾನು ಮಾಡಿದ್ದು ನಿಮಗೆ ಗೊತ್ತೇ ಇದೆ, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ. ಮಗಳು ಅಂಗಡಿಗೆ ಹೋಗಿದ್ದಾಗ, ನಿಮ್ಮ ಖಾಲಿ ಸುತ್ತಿನ ಕೆಳಗೆ ಮಾತು ಬರೆಯಲು ಇದ್ದ ಡಬ್ಬಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. "ಅಳಿಯಂದಿರೇ, ಇವಳು ಸರಿಯಾಗಿ ಉಂಡಿಲ್ಲ. ಇದನ್ನೊಂದು ನೋಡಿಕೊಡಿ. ಇಂತಿ ಅತ್ತೆ." ಲೋಕಕ್ಕೆಲ್ಲ ಕಾಣುತ್ತದೆ ಎಂದು ಗೊತ್ತಿದ್ದೇ ಮಾಡಿದೆ. ಮಗಳು ಬಂದು ನೋಡಿ ತಲೆ ಹಿಡಿದುಕೊಂಡು ಕೂತಳು. ಅಷ್ಟರಲ್ಲಿ ಯಾವನೋ ಅದನ್ನು ತನ್ನ ಭಾಷೆಗೆ ಮಾಡಿಕೊಂಡು, ಅತ್ತೆ ಎನ್ನುವವರು ಹೊಸ ನಿರ್ವಾಹಕರೇ ಎಂದು ಕೇಳಿದ್ದ.

ಅದೇ ಸಂಜೆ ನೀವು ಆ ಪುಟಕ್ಕೆ ಬಂದಿರಿ. ಒಪ್ಪಿಗೆ ಕೊಡಲಿಲ್ಲ. ಗಡಿಯಾರವನ್ನು ಅರ್ಧ ಗಂಟೆ ಮಾತ್ರ ತಿರುಗಿಸುವ ಒಂದು ದ್ವೀಪ ಇದೆ, ಅಲ್ಲಿಗೆ ಇದು ನಡೆಯುವುದಿಲ್ಲ ಎಂದು ಬರೆದಿರಿ. ಅವಳಿಗೆ ರೇಗಿಹೋಯಿತು. "ಆ ದ್ವೀಪದಲ್ಲಿ ಇರೋದೇ ಬೆರಳೆಣಿಕೆ ಜನ. ಯಾರಾದ್ರೂ ಗುಬ್ಬಿ ಇಟ್ಕೊಂಡಿದಾರಾ ಅಲ್ಲಿ?" ಎಂದು ನನ್ನ ಮೇಲೆ ಕೂಗಾಡಿದಳು. ಆಮೇಲೆ ಪರೀಕ್ಷಿಸಿ ನೋಡಿದಳು. ನೀವು ಹೇಳಿದ್ದೇ ಸರಿಯಾಗಿತ್ತು. ಬೈದುಕೊಳ್ಳುತ್ತಲೇ ತಿದ್ದಿದಳು, ನಡುವೆ ಎರಡು ಸಲ ಬಡಿಸಿಕೊಂಡು ಉಂಡಳು. ನಿನ್ನೆ ಮಧ್ಯಾಹ್ನ ನಿಮ್ಮ ಸುತ್ತು ಹಸಿರಾಯಿತು. ನರ್ಸಮ್ಮನಿಗೆ ಬರೆದಾಯಿತು, ಆಪಿನವರು ತೆಗೆದುಕೊಂಡಾಯಿತು.

ಅವಳು ಆ ಡಬ್ಬಿಯಲ್ಲಿ ನಿಮಗೆ ಏನೋ ಬರೆಯಲು ಕೂತಳು. ಬರೆದಳು, ಅಳಿಸಿದಳು, ಮತ್ತೆ ಬರೆದು ಮತ್ತೆ ಅಳಿಸಿದಳು. ಕೊನೆಗೆ ಕಂಪ್ಯೂಟರು ಮುಚ್ಚಿ, ನನ್ನ ಮುಖ ನೋಡದೆ, "ಅವ್ರ ಹೊಸ ನಂಬರ್ ನಿನ್ ಹತ್ರ ಇದ್ಯಾ ಅಮ್ಮ?" ಎಂದಳು. ಕೊಟ್ಟಿದ್ದೇನೆ. ಇವತ್ತು ಬಸ್ಸು ಹೊರಡುತ್ತದೆಯಂತೆ, ಕಾಗದವನ್ನೂ ಕಳಿಸುತ್ತಿದ್ದೇನೆ. ಇದು ಕೈಸೇರುವ ಮೊದಲು ಅವಳು ಫೋನು ಮಾಡಿ, ನೀವು ಎತ್ತಿರದಿದ್ದರೆ, ಅವಳು ಇನ್ನೊಮ್ಮೆ ಮಾಡುತ್ತಾಳೆ. ಜನ ಯಾರೂ ನೋಡುತ್ತಿರುವುದಿಲ್ಲ. ನಾನೂ ಕೆಳಗೆ ಡ್ರೈವರ ಹೆಂಡತಿಯ ಹತ್ತಿರ ಹೋಗಿ ಕೂತಿರುತ್ತೇನೆ.