ಹಸಿರು ಬಣ್ಣ ಬಳಿದ ಡ್ರಮ್ಮುಗಳು

ತೋಟ ಕಾರ್ಮಿಕರ ಕಲ್ಯಾಣಾಧಿಕಾರಿಗಳಾದ ಮಾನ್ಯರೇ,

ಕಳೆದ ವರ್ಷ, ೧೯೮೩ರ ಯುಗಾದಿಯ ಮಾರನೆಯ ದಿನ, ಬಸರೀಕಟ್ಟೆ ಕಡೆಯ ಕಾಫಿ ತೋಟವೊಂದರ ಕಣದಲ್ಲಿ ನಿಂತು ನೀವು ಕೂಲಿ ಹೆಂಗಸರಿಗೆ ಕೈಯಾರೆ ವಿಷದ ಡ್ರಮ್ಮುಗಳನ್ನು ಹಂಚಿದಿರಿ. ಕುಡಿಯುವ ನೀರು ತುಂಬಿಡಿ ಎಂದು ಹೇಳಿ ಹಂಚಿದಿರಿ. ಕಾಂಡಕೊರಕ ಹುಳುವನ್ನು ಕೊಲ್ಲಲು ಗಿಡದ ಕಾಂಡಕ್ಕೆ ಬಳಿಯುವ ಮದ್ದು ಆ ಡ್ರಮ್ಮುಗಳಲ್ಲೇ ತೋಟಕ್ಕೆ ಬಂದಿತ್ತು. ತೋಟದವರು ಹೊರಗೆ ಹಸಿರು ಬಣ್ಣ ಹೊಡೆಸಿ, ಮೇಲೆ ಬಿಳಿಯ ಕಾಫಿ ಹೂವು ಬರೆಸಿದ್ದರು. ಅದೇ ವೇದಿಕೆಯಲ್ಲಿ ಆ ತೋಟಕ್ಕೆ ‘ಮಹಿಳಾ ಕಲ್ಯಾಣದ ಮಾದರಿ ತೋಟ’ ಎಂಬ ಶೀಲ್ಡೂ ನಿಮ್ಮಿಂದಲೇ ಸಂದಿತು.

ನಾನು ಕೊಪ್ಪದಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿ ಮಾರುವವನು. ಅಂದಿನ ಸಮಾರಂಭಕ್ಕೆ ಪುಡಿ ಕೊಟ್ಟಿದ್ದರಿಂದ ಹಿಂದಿನ ಸಾಲಿನಲ್ಲಿ ಕೂತು ನಿಮ್ಮ ಭಾಷಣ ಕೇಳಿದೆ. ಈ ತೋಟದ ಕಾಫಿ ಕುಡಿಯುವವರು ಹೆಣ್ಣುಮಕ್ಕಳ ಹರಕೆಯನ್ನೇ ಕುಡಿಯುತ್ತಾರೆ ಎಂದಿರಿ. ಚೆನ್ನಾದ ಮಾತು. ಆಮೇಲೆ ಎಷ್ಟೋ ಗಿರಾಕಿಗಳು ಬಂದು ಶೀಲ್ಡು ಬಂದ ತೋಟದ ಪುಡಿ ಇದೆಯೇ ಎಂದು ಕೇಳಿದರು. ಎಲ್ಲ ತೋಟದ ಕಾಫಿಯೂ ಕೊನೆಗೆ ಒಂದೇ ರಾಶಿಗೆ ಬೀಳುತ್ತದೆ, ಯಾರ ಲೋಟಕ್ಕೆ ಯಾವ ತೋಟದ್ದು ಬಂತೆಂದು ಹೇಳಲು ಯಾರಿಗೂ ಆಗದು ಎಂದೆ. ಆಗ ವ್ಯಾಪಾರದ ಮಾತಾಗಿ ಹೇಳಿದ್ದೆ. ಈಗ ಅದನ್ನು ನೆನೆದರೆ ಭಯವಾಗುತ್ತದೆ.

ಹೆಂಗಸರು ಪೆದ್ದರಲ್ಲ. ಹೊಸ ಪಾತ್ರೆಯನ್ನು ಪಳಗಿಸುವ ಕ್ರಮ ಅವರಿಗೆ ಗೊತ್ತು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದರು, ಬಿಸಿಲಿಗಿಟ್ಟರು, ಸಾಂಬ್ರಾಣಿ ಹೊಗೆ ಹಾಕಿದರು. ವಾಸನೆ ಹೋಯಿತು. ವಾಸನೆ ಹೋದರೆ ಪಾತ್ರೆ ಶುದ್ಧ ಎಂದು ಅವರ ತಾಯಂದಿರು ಕಲಿಸಿದ್ದರು. ಆ ತಾಯಂದಿರ ಕಾಲದಲ್ಲಿ ಇಂಥ ಮದ್ದು ಇರಲಿಲ್ಲ. ಮೊದಲು ಅವರು ವಾಸವಿರುವ ಸಾಲುಮನೆಗಳ, ಆ ಕೂಲಿ ಲೈನಿನ, ಕೋಳಿಗಳು ಸತ್ತವು. ರೋಗ ಎಂದರು. ಆಮೇಲೆ ಬೆಕ್ಕುಗಳು. ಈಗ ಅಲ್ಲಿ ಬೆಳಗಾದರೆ ಕೂಗಲು ಒಂದು ಹುಂಜವೂ ಇಲ್ಲ.

ಮೊನ್ನೆ ಸಂತೆಯ ದಿನ ಆ ಲೈನಿನ ತುಂಗಮ್ಮ ನನ್ನ ಅಂಗಡಿಗೆ ಬಂದಳು. ತುಂಬು ಬಸುರಿ. ಜೊತೆಗೆ ಪಕ್ಕದ ಮನೆಯ ಕಮಲಕ್ಕ. ಪೊಟ್ಟಣ ಕೊಟ್ಟರೆ ತುಂಗಮ್ಮನ ಕೈಯಲ್ಲಿ ನಿಲ್ಲಲಿಲ್ಲ, ಪುಡಿಯೆಲ್ಲ ನೆಲಕ್ಕೆ ಬಿತ್ತು.

“ಎಂತ ತುಂಗಮ್ಮ, ಚಳಿಯಾ?” ಎಂದೆ.

“ಚಳಿ ಎಂತದ್ದು ಸಾಬ್ರೇ, ಬಿಸಿಲಲ್ಲೂ ಹಿಂಗೇ. ನಿಮ್ಮ ಪುಡಿಗೆ ನನ್ನ ಕಂಡ್ರೆ ಹೆದರಿಕೆ,” ಎಂದು ನಕ್ಕಳು.

ಕಮಲಕ್ಕ ನಗಲಿಲ್ಲ. “ಹೋದ ವಾರ ಗಿಡದ ಸಾಲಲ್ಲೇ ಬಿದ್ದು ಒದ್ದಾಡಿದ್ಲು ಮಾರಾಯ್ರೇ. ಬಾಯಲ್ಲಿ ನೊರೆ. ನಮ್ಮ ಹಾಜರಿ ಬರೆಯೋ ರೈಟರು ಇದಾರಲ್ಲ, ರೇಣುಕಪ್ಪ, ಮೈಮೇಲೆ ದೆವ್ವ ಬಂದಿದೆ ಅಂದ್ರು.”

“ಡಾಕ್ಟರ ಹತ್ರ ಹೋದ್ರಾ?”

“ಹೋದ್ವು. ಯಾವ ನೀರು ಕುಡೀತೀಯ ಅಂತ ಕೇಳಿದ್ರು. ಡ್ರಮ್ಮಿನ ಸುದ್ದಿ ಹೇಳಿದ ಕೂಡ್ಲೇ ಮೊದ್ಲು ಅದನ್ನ ಬಿಸಾಕು ಅಂದ್ರು.”

“ಮತ್ತೆ ಬಿಸಾಕಿಲ್ವಾ?”

“ನೀವು ಬನ್ನಿ, ಬಿಸಾಕಿ ನೋಡುವಾ!” ಎಂದಳು ತುಂಗಮ್ಮ. “ಆಫೀಸರು ಕೊಟ್ಟದ್ದಂತೆ. ಈ ಯುಗಾದಿಗೆ ಮತ್ತೆ ಬಂದು ನೋಡ್ತಾರಂತೆ. ಅಲ್ಲೀವರೆಗೆ ಬಾಗ್ಲಲ್ಲೇ ಇರ್ಬೇಕು, ತುಂಬಿರ್ಬೇಕು. ಇಲ್ದಿದ್ರೆ ಲೈನು ಖಾಲಿ ಮಾಡು ಅಂತಾರೆ ರೈಟರು. ಈ ಹೊಟ್ಟೆ ಹೊತ್ಕಂಡು ಎಲ್ಲಿಗೆ ಹೋಗ್ಲಿ?”

ಬೇರೆ ಕೊಡದಲ್ಲಿ ನೀರು ತಂದಿಟ್ಟುಕೊಳ್ಳಬಾರದೇ ಎಂದು ನೀವು ಕೇಳಬಹುದು. ಬೇಸಿಗೆಗೆ ಹಳ್ಳ ಬತ್ತಿದೆ. ತೋಟದ ಟ್ರ್ಯಾಕ್ಟರು ತರುವ ನೀರನ್ನು ಹಸಿರು ಡ್ರಮ್ಮಿಗೆ ಮಾತ್ರ ಸುರಿಯಬೇಕೆಂದು ಅಪ್ಪಣೆಯಾಗಿದೆ. ನಿಮ್ಮ ಉಡುಗೊರೆಗೆ ಅಷ್ಟು ಮರ್ಯಾದೆ!

ಮಾನ್ಯರೇ, ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಹಿಂದೆ, ಎಪ್ಪತ್ತನಾಲ್ಕರಲ್ಲಿ, ನಿಮ್ಮದೇ ಕುರ್ಚಿಯಲ್ಲಿದ್ದವರು ನರಸಿಂಹರಾಜಪುರದ ಕಡೆ ಒಂದು ತೋಟದಲ್ಲಿ ಮದ್ದಿನ ಖಾಲಿ ಡಬ್ಬಗಳಿಗೆಲ್ಲ ಎದುರು ನಿಂತು ತೂತು ಹೊಡೆಸಿ, ಗುಂಡಿ ತೋಡಿಸಿ ಹೂಳಿಸಿದ್ದರು. ನಾನೇ ಕಂಡಿದ್ದೇನೆ. ಅವರು ಹೂಳಿಸಿದಂಥದ್ದನ್ನೇ ನೀವು ಹೂವಿನ ಚಿತ್ರದೊಂದಿಗೆ ಹಂಚಿದಿರಿ. ತಿಳಿದಿದ್ದ ಸಂಗತಿ ಹತ್ತು ವರ್ಷದಲ್ಲಿ ನಿಮ್ಮ ಕಚೇರಿಗೆ ಮರೆತುಹೋಗುವುದಾದರೆ, ಕಲ್ಯಾಣ ಎಂಬ ಮಾತನ್ನು ಬಾಗಿಲ ಮೇಲೆ ಬರೆದಿರುವುದು ಯಾರಿಗಾಗಿ? ಕಾಫಿ ಕುಡಿಯುವವರ ಸಮಾಧಾನಕ್ಕೆಂದೇ?

ವಿಚಾರಣೆಗೆ ಸಮಿತಿ ಮಾಡಬೇಡಿ. ಸಮಿತಿ ವರದಿ ಕೊಡುವ ಹೊತ್ತಿಗೆ ತುಂಗಮ್ಮನ ಹೆರಿಗೆ ಆಗಿಹೋಗಿರುತ್ತದೆ, ಹೇಗಾಗಿರುತ್ತದೋ. ಬೇರೆ ಲೈನುಗಳಲ್ಲೂ ಕೈ ನಡುಗುವವರಿದ್ದಾರೆ ಎಂದು ಕಮಲಕ್ಕ ಹೇಳಿದಳು. ಬಾಯಿಬಿಟ್ಟರೆ ಕೆಲಸ ಹೋದೀತೆಂದು ಅವರು ಸುಮ್ಮನಿದ್ದಾರೆ.

ಯುಗಾದಿಯವರೆಗೆ ಕಾಯದೆ ಈ ವಾರವೇ ಆ ಕಣಕ್ಕೆ ಬನ್ನಿ. ಮಾಲೀಕರ ಬಂಗಲೆಗೆ ಹೋಗುವ ಮೊದಲು ಹೆಂಗಸರನ್ನೆಲ್ಲ ಕರೆಸಿ, ಡ್ರಮ್ಮಿನಲ್ಲಿ ಏನಿತ್ತು, ಅದು ನಿಮಗೆ ಗೊತ್ತಿತ್ತೇ ಎಂಬುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಡ್ರಮ್ಮು ಬಿಸಾಡಿದವರನ್ನು ಯಾರೂ ಲೈನಿನಿಂದ ಹೊರಹಾಕುವಂತಿಲ್ಲ ಎಂದು ರೈಟರ ಎದುರಿಗೇ ಹೇಳಿ. ನನಗೆ ಖಾಸಗಿ ಉತ್ತರ ಬೇಡ. ನಿಮ್ಮ ಉತ್ತರವೂ ಈ ಪತ್ರದ ಹಾಗೆ ಈ ಪತ್ರಿಕೆಯಲ್ಲೇ, ನಿಮ್ಮ ರುಜುವಿನೊಂದಿಗೆ, ಎಲ್ಲರೂ ಓದುವಂತೆ ಅಚ್ಚಾಗಲಿ.

ಇಂತಿ,
ಆ ರಾಶಿಯ ಕಾಫಿಯನ್ನೇ ಹುರಿದು ಮಾರಿ ಬದುಕುತ್ತಿರುವ
ಮಹಮ್ಮದ್ ಶಫಿ
ಕೊಪ್ಪ